ಹೆಸರಿಗೊಂದು ವಾಯಿದೆ

ನಮ್ಮಣ್ಣನ ಪೌರತ್ವದ ಇಂಟರ್‌ವ್ಯೂ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಅಮೆರಿಕದ ಚರಿತ್ರೆ, ಸಂವಿಧಾನದ ಮೇಲೆ ಹತ್ತು ಪ್ರಶ್ನೆ, ಆರು ಸರಿಯಾದರೆ ಪಾಸು. ಆಗ ಇದ್ದ ಪರೀಕ್ಷೆ ಅದು. ಇವನು ಮೊದಲ ಆರೂ ಸರಿ ಹೇಳಿದ್ದಕ್ಕೆ ಅಧಿಕಾರಿ ಮುಂದೆ ಕೇಳಲೇ ಇಲ್ಲವಂತೆ. ಆಮೇಲೆ ಅರ್ಜಿಯ ಇನ್ನೊಂದು ಪುಟ ತಿರುವಿ, "ನೀವು ಹೆಸರು ಬದಲಾವಣೆ ಕೇಳಿದೀರಿ. ಅದನ್ನ ಕೈಬಿಟ್ಟರೆ ಇವತ್ತು ಮಧ್ಯಾಹ್ನ ಎರಡಕ್ಕೇ ಪ್ರಮಾಣವಚನ ತಗೋಬಹುದು. ಹೆಸರು ಬೇಕು ಅಂದರೆ ಜಡ್ಜ್ ಮುಂದೆ ನಡೆಯೋ ಸಮಾರಂಭಕ್ಕೆ ಕಾಯಬೇಕು. ಯಾವಾಗ ಅಂತ ನಾನು ಹೇಳಕ್ಕಾಗಲ್ಲ" ಅಂದರಂತೆ.

ಪಾರ್ಕಿಂಗ್ ಲಾಟಿನಿಂದ ನನಗೆ ಫೋನ್ ಮಾಡಿದಾಗ ಇಲ್ಲಿ ರಾತ್ರಿ ಎಂಟು ದಾಟಿತ್ತು. "ಕಾಯ್ತೀನಿ ಅಂದ್ಬಿಟ್ಟೆ ಕಣೇ" ಅಂದ. ದನಿಯಲ್ಲಿ ಅಷ್ಟೇನೂ ಧೈರ್ಯವಿರಲಿಲ್ಲ.

ಹದಿಮೂರು ವರ್ಷ ಆ ದೇಶದಲ್ಲಿದ್ದವನು, ಮೂರು ಗಂಟೆ ಕಾದಿದ್ದರೆ ಪ್ರಜೆಯಾಗಿ ಹೊರಗೆ ಬರಬಹುದಿತ್ತು. ಒಂದು ಹೆಸರಿಗಾಗಿ ಗೊತ್ತಿಲ್ಲದ ದಿನಾಂಕಕ್ಕೆ ಕಾಯಲು ಹೊರಟ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅವನ ಹೆಸರಿಗೆ ಏನಾಗಿದೆಯಂತೆ?"

ಏನಾಗಿದೆ ಅಂದರೆ, ಹಳೇ ಮೈಸೂರು ಕಡೆಯ ಅರ್ಧ ಜನರಿಗೆ ಆಗಿರೋದೇ ಅವನಿಗೂ ಆಗಿದೆ. ನಮ್ಮಲ್ಲಿ ಸರ್‌ನೇಮ್ ಅನ್ನೋದೇ ಇಲ್ಲ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಮುಂದೆ ಕೂತಿರುತ್ತವೆ, ಕೊನೆಯಲ್ಲಿ ನಮ್ಮ ಹೆಸರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ಹುಬ್ಬಳ್ಳಿ ಧಾರವಾಡದ ಕಡೆಯವರು ಪುಣ್ಯವಂತರು, ಪಾಟೀಲ, ಹಿರೇಮಠ, ದೇಸಾಯಿ ಅಂತ ಏನೋ ಒಂದು ಇರುತ್ತದೆ. ನಮ್ಮ ಕಡೆ ಪಾಸ್‌ಪೋರ್ಟ್ ಅರ್ಜಿ ತುಂಬಿಸುವಾಗ ಸರ್‌ನೇಮ್ ಕಾಲಂ ಖಾಲಿ ಬಿಟ್ಟು, ಗಿವನ್ ನೇಮ್ ಕಾಲಂನಲ್ಲಿ ಹೆಸರು ಬರೆದು ಬಂದುಬಿಡುತ್ತೇವೆ. ನಮ್ಮಣ್ಣನೂ ಹಾಗೇ ಮಾಡಿದ್ದ.

ಅಮೆರಿಕದ ವೀಸಾ ವ್ಯವಸ್ಥೆಗೆ ಸರ್‌ನೇಮ್ ಇಲ್ಲದ ಮನುಷ್ಯ ಅರ್ಥವಾಗುವುದಿಲ್ಲ. ಅದು ಇರೋ ಒಂದು ಹೆಸರನ್ನು ಸರ್‌ನೇಮ್ ಕಾಲಂಗೆ ಎತ್ತಿಹಾಕಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಅಚ್ಚು ಹಾಕುತ್ತದೆ. ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ. ಅದು ವೀಸಾದಿಂದ ಡ್ರೈವಿಂಗ್ ಲೈಸೆನ್ಸಿಗೆ, ಅಲ್ಲಿಂದ ಬ್ಯಾಂಕಿಗೆ, ಇನ್ಶೂರೆನ್ಸಿಗೆ, ಆಫೀಸಿನ ಬ್ಯಾಡ್ಜಿಗೆ ಹರಡುತ್ತದೆ. ಕುವೆಂಪು ಅವರು ಪಾಸ್‌ಪೋರ್ಟಿನಲ್ಲಿ ಬರೀ ಪುಟ್ಟಪ್ಪ ಅಂತ ಬರೆಸಿಕೊಂಡು ಎಚ್‌1ಬಿ ಮೇಲೆ ಹೋಗಿದ್ದರೆ ಮಿಸ್ಟರ್ ಎಫ್‌ಎನ್‌ಯು ಪುಟ್ಟಪ್ಪ ಆಗಿರುತ್ತಿದ್ದರು. ಡೆಂಟಿಸ್ಟ್ ಕ್ಲಿನಿಕ್ಕಿನಲ್ಲಿ ನರ್ಸ್ ಬಾಗಿಲಿಗೆ ಬಂದು "ಫ್ನೂ?" ಅಂತ ಕೂಗುತ್ತಾಳಂತೆ. ನಮ್ಮಣ್ಣ ಎದ್ದು ಹೋಗುತ್ತಾನೆ. ಹದಿಮೂರು ವರ್ಷ ಹೀಗೇ ಎದ್ದು ಹೋಗಿದ್ದಾನೆ.

ಹೆಸರು ಸರಿಮಾಡಿಕೊಳ್ಳಲು ಪೌರತ್ವದ ಅರ್ಜಿಯೇ ಒಳ್ಳೇ ಅವಕಾಶ, ಬೇರೆ ಫೀಸಿಲ್ಲ, ಬೇರೆ ವಕೀಲರು ಬೇಡ ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ಅಲ್ಲೊಂದು ವಿಚಿತ್ರವಿದೆ. ವಲಸೆ ಇಲಾಖೆಯ ಅಧಿಕಾರಿ ನಿಮ್ಮನ್ನು ಅಮೆರಿಕದ ಪ್ರಜೆ ಮಾಡಬಲ್ಲ. ಹೊಸ ಹೆಸರು ಕೊಡಲಾರ. ಅದಕ್ಕೆ ನ್ಯಾಯಾಧೀಶರೇ ಬೇಕು. ದೇಶ ಬದಲಿಸುವುದಕ್ಕಿಂತ ಹೆಸರು ಬದಲಿಸುವುದು ದೊಡ್ಡ ವಿಷಯವಾದದ್ದು ಹೇಗೆ ಅಂತ ಹುಡುಕುತ್ತಾ ಹೋದೆ. ಅಣ್ಣ ಕಾದಷ್ಟೂ ದಿನ ನನಗೂ ಓದಲು ಟೈಮಿತ್ತು.

ಶುರುವಿನಿಂದಲೂ ಅಮೆರಿಕದಲ್ಲಿ ಪೌರತ್ವ ಕೊಡುತ್ತಿದ್ದದ್ದು ಕೋರ್ಟುಗಳು. 1790ರ ಮೊದಲ ಕಾಯಿದೆ ಬಹಳ ಚಿಕ್ಕದು. ಎರಡು ವರ್ಷ ದೇಶದಲ್ಲಿರಬೇಕು, ಒಳ್ಳೆಯ ನಡತೆಯವನಾಗಿರಬೇಕು, ಯಾವುದಾದರೂ ಕೋರ್ಟಿಗೆ ಹೋಗಿ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕು. ಜೊತೆಗೆ 'ಸ್ವತಂತ್ರ ಬಿಳಿಯ ವ್ಯಕ್ತಿ' ಆಗಿರಬೇಕು. ಈ ಕೊನೇ ಮಾತು ಮುಂದೆ ನಮ್ಮವರ ತಲೆಯ ಮೇಲೆ ಬೀಳುತ್ತದೆ, ಅದಕ್ಕೆ ಬರುತ್ತೇನೆ. 1795ರಲ್ಲಿ ಎರಡು ವರ್ಷ ಐದಾಯಿತು, ಹಳೆಯ ರಾಜನ ನಿಷ್ಠೆಯನ್ನು ಬಿಟ್ಟೆ ಎಂದು ಬಾಯಿಬಿಟ್ಟು ಹೇಳುವ ಪದ್ಧತಿಯೂ ಬಂತು. 1798ರಲ್ಲಿ ಐದು ವರ್ಷ ಹದಿನಾಲ್ಕಾಯಿತು, ವಲಸಿಗರ ಓಟು ಎದುರು ಪಕ್ಷಕ್ಕೆ ಹೋಗುತ್ತದೆ ಅನ್ನೋ ಹೆದರಿಕೆಗೆ. 1802ರಲ್ಲಿ ಮತ್ತೆ ಐದಕ್ಕೆ ಇಳಿಯಿತು. ಇವತ್ತಿಗೂ ಐದೇ.

ಯಾವ ಕೋರ್ಟು ಅನ್ನೋದು ಮಾತ್ರ ಒಂದು ಶತಮಾನ ಹೇಳೋರು ಕೇಳೋರು ಇಲ್ಲದ ವಿಷಯವಾಗಿತ್ತು. ಜಿಲ್ಲೆಯ ಕೋರ್ಟು, ರಾಜ್ಯದ ಕೋರ್ಟು, ಫೆಡರಲ್ ಕೋರ್ಟು, ಯಾವುದಾದರೂ ಸರಿ. ಒಂದೊಂದು ಕಡೆ ಒಂದೊಂದು ಫಾರಂ, ಒಂದೊಂದು ಫೀಸು. ಸರ್ಟಿಫಿಕೇಟಿನಲ್ಲಿ ಹೆಸರು ಬಿಟ್ಟರೆ ಬಹಳ ಸಲ ಬೇರೇನೂ ಇರುತ್ತಿರಲಿಲ್ಲ. ಇಂಥ ಕಡೆ ರಾಜಕಾರಣಿಗಳು ಸುಮ್ಮನಿರುತ್ತಾರಾ? 1868ರ ಚುನಾವಣೆಗೆ ಮುಂಚಿನ ವಾರಗಳಲ್ಲಿ ನ್ಯೂಯಾರ್ಕ್ ನಗರದಲ್ಲಿ ಟ್ಯಾಮನಿ ಹಾಲ್ ಅನ್ನೋ ರಾಜಕೀಯ ಕೂಟ, ತನಗೆ ಬೇಕಾದ ಜಡ್ಜುಗಳ ಕೈಲಿ ಹತ್ತಾರು ಸಾವಿರ ಜನರನ್ನು ರಾಶಿ ರಾಶಿಯಾಗಿ ಪ್ರಜೆ ಮಾಡಿಸಿತು. ಬಂದವರೇ ನೇರ ಓಟರ್ ಪಟ್ಟಿಗೆ. ನಮಗೆ ಇದೇನೂ ಹೊಸ ಕತೆ ಅನ್ನಿಸುವುದಿಲ್ಲ, ಅಲ್ವಾ?

ಈ ಗಲಾಟೆಗೆ ಕಡಿವಾಣ ಹಾಕಿದ್ದು 1906ರ ಕಾಯಿದೆ. ದೇಶಕ್ಕೆಲ್ಲ ಒಂದೇ ಫಾರಂ, ಕೇಂದ್ರದಲ್ಲಿ ಒಂದು ಕಚೇರಿ, ಪ್ರತಿ ಸರ್ಟಿಫಿಕೇಟಿನ ಒಂದು ನಕಲು ಅಲ್ಲಿಗೆ. ಅದರ ಆರನೇ ಕಲಮು ಓದುತ್ತಾ ನಾನು ಕೂತಲ್ಲೇ ನಕ್ಕುಬಿಟ್ಟೆ. ಅರ್ಜಿ ಹಾಕಿ ಕನಿಷ್ಠ 90 ದಿನ ಆಗುವವರೆಗೆ ಕೋರ್ಟು ಯಾರನ್ನೂ ಪ್ರಜೆ ಮಾಡುವ ಹಾಗಿಲ್ಲ. ಆ ಅಷ್ಟೂ ದಿನ ಅರ್ಜಿದಾರನ ಹೆಸರು, ಊರು, ಸಾಕ್ಷಿಗಳ ಹೆಸರು ಕೋರ್ಟಿನಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು, ನಮ್ಮ ತಾಲೂಕು ಕಚೇರಿಯ ನೋಟೀಸ್ ಬೋರ್ಡಿನ ಹಾಗೆ. ತಕರಾರಿದ್ದವರು ಬಂದು ಹೇಳಲಿ ಅಂತ. ಚುನಾವಣೆಗೆ ಮುಂಚಿನ 30 ದಿನ ಯಾರಿಗೂ ಪೌರತ್ವ ಕೊಡುವಂತಿಲ್ಲ. ಇಷ್ಟು ಹೇಳಿ ಅದೇ ಕಲಮು ಮುಂದಿನ ವಾಕ್ಯದಲ್ಲೇ, ಅರ್ಜಿದಾರ ಕೇಳಿಕೊಂಡರೆ, ತನಗೆ ಸರಿ ಕಂಡರೆ, ಪೌರತ್ವದ ಜೊತೆಗೇ ಕೋರ್ಟು ಅವನ ಹೆಸರನ್ನೂ ಬದಲಿಸಬಹುದು ಅನ್ನುತ್ತದೆ.

ಅಂದರೆ ಕಾಯಿಸುವ ನಿಯಮ, ಹೆಸರಿನ ನಿಯಮ ಎರಡೂ ಒಂದೇ ಕಲಮಿನಲ್ಲಿ ಅಕ್ಕಪಕ್ಕ ಹುಟ್ಟಿದವು. ಅವತ್ತು ಹೆಸರಿಗಾಗಿ ಯಾರೂ ಒಂದು ದಿನವೂ ಹೆಚ್ಚು ಕಾಯಬೇಕಾಗಿರಲಿಲ್ಲ. ಎಲ್ಲರೂ ಹೇಗೂ ಜಡ್ಜ್ ಮುಂದೆಯೇ ನಿಲ್ಲಬೇಕಿತ್ತು. ಅವರು ಒಂದು ಸಹಿ ಹೆಚ್ಚು ಹಾಕಿದರೆ ಮುಗಿಯಿತು. ಸಿನಿಮಾ ನಟ ಕ್ಯಾರಿ ಗ್ರಾಂಟ್ ಇದ್ದಾರಲ್ಲ, ಅವರ ಹುಟ್ಟಿನ ಹೆಸರು ಆರ್ಚಿಬಾಲ್ಡ್ ಲೀಚ್, ಇಂಗ್ಲೆಂಡಿನವರು. 1942ರಲ್ಲಿ ಅಮೆರಿಕದ ಪ್ರಜೆಯಾದಾಗಲೇ ತೆರೆಯ ಮೇಲಿನ ಹೆಸರನ್ನು ಕಾನೂನುಬದ್ಧ ಮಾಡಿಕೊಂಡರು.

ಇಲ್ಲೊಂದು ಕಟ್ಟುಕತೆಯನ್ನೂ ಪಕ್ಕಕ್ಕಿಡಬೇಕು. ವಲಸೆ ಬಂದವರ ಹೆಸರನ್ನು ಎಲ್ಲಿಸ್ ದ್ವೀಪದ ಗುಮಾಸ್ತರು ಬಾಯಿಗೆ ಬಂದ ಹಾಗೆ ತುಂಡರಿಸಿದರು ಅಂತ ನಾವೆಲ್ಲ ಸಿನಿಮಾಗಳಲ್ಲಿ ನೋಡಿದ್ದೇವೆ. ಅಲ್ಲಿನ ಅಧಿಕಾರಿಗಳು ಹೆಸರು ಬರೆದುಕೊಳ್ಳುತ್ತಲೇ ಇರಲಿಲ್ಲ. ಹಡಗು ಹೊರಟ ಬಂದರಿನಲ್ಲೇ ತಯಾರಾದ ಪ್ರಯಾಣಿಕರ ಪಟ್ಟಿ ಹಿಡಿದು ತಾಳೆ ನೋಡುತ್ತಿದ್ದರು, ಅಷ್ಟೇ. ಜನ ಹೆಸರು ಬದಲಿಸಿಕೊಂಡದ್ದು ಆಮೇಲೆ: ಕೆಲಸ ಸಿಗಲಿ ಅಂತ, ಮಕ್ಕಳನ್ನು ಸ್ಕೂಲಿನಲ್ಲಿ ಆಡಿಕೊಳ್ಳದಿರಲಿ ಅಂತ, ಎಷ್ಟೋ ಸಲ ಪೌರತ್ವ ತಗೊಳ್ಳುವ ದಿನವೇ, ತಾವಾಗಿಯೇ. ಕಿತ್ತುಕೊಂಡರು ಅನ್ನುವ ಕತೆ ಮೊಮ್ಮಕ್ಕಳಿಗೆ ಹೇಳಲು ಸುಲಭ. ನಾನೇ ಬಿಟ್ಟುಕೊಟ್ಟೆ ಅಂತ ಯಾವ ತಾತ ಹೇಳುತ್ತಾನೆ?

ಹೆಸರು ಕೊಡುವ ಈ ಕೋರ್ಟುಗಳಿಗೆ ಅರ್ಜಿ ವಜಾ ಮಾಡುವ ಅಧಿಕಾರವೂ ಇತ್ತಲ್ಲ, ಅದರ ಬಿಸಿ ನಮ್ಮವರಿಗೆ ಚೆನ್ನಾಗಿ ತಟ್ಟಿತು. ಭಗತ್ ಸಿಂಗ್ ಥಿಂದ್ ಪಂಜಾಬಿನವರು. ನಮ್ಮ ಹುತಾತ್ಮ ಭಗತ್ ಸಿಂಗ್ ಅಲ್ಲ, ಬೇರೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಸೇರಿದರು. 1918ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಸೈನಿಕನ ಸಮವಸ್ತ್ರದಲ್ಲೇ ಪ್ರಮಾಣ ಮಾಡಿ ಪ್ರಜೆಯಾದರು. ನಾಲ್ಕನೇ ದಿನಕ್ಕೆ ಅದನ್ನು ರದ್ದು ಮಾಡಿದರು, ನೀನು ಬಿಳಿಯನಲ್ಲ ಅಂತ. ಪಕ್ಕದ ಆರೆಗನ್ ರಾಜ್ಯಕ್ಕೆ ಹೋಗಿ ಮತ್ತೆ ಅರ್ಜಿ ಹಾಕಿದರು. 1920ರಲ್ಲಿ ಅಲ್ಲಿನ ಜಡ್ಜ್ ಕೊಟ್ಟರು. ವಲಸೆ ಇಲಾಖೆ ಮೇಲ್ಮನವಿಗೆ ಹೋಯಿತು, ಕೇಸು ಸುಪ್ರೀಂ ಕೋರ್ಟು ಮುಟ್ಟಿತು.

ಸುಪ್ರೀಂ ಕೋರ್ಟಿನ ಲಾಜಿಕ್ ನೋಡಿ. 1922ರ ನವೆಂಬರಿನಲ್ಲಿ ಟಕಾವೊ ಒಜಾವಾ ಅನ್ನೋ ಜಪಾನಿಯ ಕೇಸಿನಲ್ಲಿ ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್, ಬಿಳಿ ಅಂದರೆ ಮೈಬಣ್ಣ ಅಲ್ಲ, ಕಕೇಸಿಯನ್ ಜನಾಂಗ ಅಂತ ಬರೆದು ಅರ್ಜಿ ತಳ್ಳಿಹಾಕಿದ್ದರು. ಥಿಂದ್ ಕಡೆಯವರಿಗೆ ಇದು ಅನುಕೂಲವೇ ಆಯಿತು. ಆ ಕಾಲದ ವಿಜ್ಞಾನದ ಪುಸ್ತಕಗಳೇ ಉತ್ತರ ಭಾರತದವರನ್ನು ಕಕೇಸಿಯನ್ ಅನ್ನುತ್ತಿದ್ದವು. ಮೂರು ತಿಂಗಳ ನಂತರ, 1923ರ ಫೆಬ್ರವರಿ 19ರಂದು, ಅದೇ ಸದರ್ಲೆಂಡ್ ಅದೇ ಪೀಠದಿಂದ, ವಿಜ್ಞಾನ ಏನು ಹೇಳುತ್ತೆ ಅನ್ನೋದು ಮುಖ್ಯವಲ್ಲ, ಸಾಮಾನ್ಯ ಮನುಷ್ಯ ಯಾರನ್ನು ಬಿಳಿಯ ಅನ್ನುತ್ತಾನೋ ಅವನೇ ಬಿಳಿಯ ಅಂತ ಬರೆದರು. ಥಿಂದ್ ಸೋತರು. ಇನ್ನೊಂದು ತಮಾಷೆ ಅಂದರೆ, ಸಿಖ್ಖರಾದ ಥಿಂದ್ ಅವರನ್ನು ತೀರ್ಪಿನ ಉದ್ದಕ್ಕೂ ಕರೆದದ್ದು ಹಿಂದೂ ಅಂತ. ಆಗ ಅಮೆರಿಕದಲ್ಲಿ ಭಾರತದಿಂದ ಬಂದವರೆಲ್ಲ ಹಿಂದೂಗಳೇ. ನಮ್ಮ ಹೆಸರನ್ನು ಬೇರೆಯವರ ಕಾಲಂಗೆ ತುಂಬಿಸುವ ಚಾಳಿ ಕಂಪ್ಯೂಟರಿಗಿಂತ ಹಳೆಯದು.

ಈ ತೀರ್ಪು ಹಿಡಿದು ಸರ್ಕಾರ ಆಗಲೇ ಪ್ರಜೆಗಳಾಗಿದ್ದ ಭಾರತೀಯರ ಪೌರತ್ವ ಕಿತ್ತುಕೊಳ್ಳಲು ಹೊರಟಿತು. ಪೇಶಾವರದ ವೈಷ್ಣೋ ದಾಸ್ ಬಗಾಯಿ ಹೆಂಡತಿ ಕಲಾ ಮತ್ತು ಮೂವರು ಗಂಡುಮಕ್ಕಳ ಜೊತೆ 1915ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊಗೆ ಬಂದವರು. ಸೂಟು ಹಾಕಿ, ಅಂಗಡಿ ಇಟ್ಟು, 1921ರಲ್ಲಿ ಪ್ರಜೆಯಾದರು. ಥಿಂದ್ ತೀರ್ಪಿನ ನಂತರ ಅದು ಹೋಯಿತು. ಪ್ರಜೆಗಳಾಗಲು ಅರ್ಹತೆಯಿಲ್ಲದವರು ಆಸ್ತಿ ಇಟ್ಟುಕೊಳ್ಳದಂತೆ ಕ್ಯಾಲಿಫೋರ್ನಿಯಾದಲ್ಲಿ ಕಾನೂನಿದ್ದದ್ದರಿಂದ ಆಸ್ತಿಯೂ ಹೋಯಿತು. ಭಾರತಕ್ಕೆ ಹೋಗಿಬರಲು ಪಾಸ್‌ಪೋರ್ಟ್ ಕೇಳಿದರೆ ಬ್ರಿಟಿಷ್ ಪಾಸ್‌ಪೋರ್ಟ್ ತಗೋ ಅಂದರು. ಬ್ರಿಟಿಷರ ಆಳ್ವಿಕೆ ಬೇಡ ಅಂತಲೇ ದೇಶ ಬಿಟ್ಟು ಬಂದ ಮನುಷ್ಯ. 1928ರಲ್ಲಿ ಜೀವ ಕಳೆದುಕೊಂಡರು. ಬರೆದಿಟ್ಟ ಪತ್ರ ಅಲ್ಲಿನ ಪತ್ರಿಕೆಯಲ್ಲಿ ಅಚ್ಚಾಯಿತು. ಕಲಾ ಬಗಾಯಿ ಅಲ್ಲೇ ಉಳಿದು ಮಕ್ಕಳನ್ನು ಬೆಳೆಸಿದರು. ಬರ್ಕ್ಲಿಯ ಒಂದು ರಸ್ತೆಗೆ ಈಗ ಅವರ ಹೆಸರಿದೆ.

ಸುಪ್ರೀಂ ಕೋರ್ಟಿನಲ್ಲಿ ಥಿಂದ್ ಪರ ವಾದಿಸಿದ ವಕೀಲ ಸಖಾರಾಮ್ ಗಣೇಶ್ ಪಂಡಿತ್ ಅವರ ಮೇಲೂ ಸರ್ಕಾರ ಬಿತ್ತು. ನೀವು ಕೊಟ್ಟ ಪೌರತ್ವ ನಂಬಿ ವಕೀಲನಾದೆ, ಮನೆ ಕಟ್ಟಿದೆ, ಅಮೆರಿಕದ ಹೆಣ್ಣನ್ನು ಮದುವೆಯಾದೆ, ಈಗ ವಾಪಸ್ ಕೇಳಿದರೆ ಹೇಗೆ ಅಂತ ಅವರು ತಮ್ಮ ಕೇಸಿನಲ್ಲಿ ವಾದಿಸಿ ಗೆದ್ದರು. 1927ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಆಮೇಲೆ ಈ ಕಿತ್ತುಕೊಳ್ಳುವ ಕೆಲಸ ನಿಂತಿತು. ಥಿಂದ್ ಮಾತ್ರ ಕಾಯುತ್ತಲೇ ಇದ್ದರು. ಯುದ್ಧದಲ್ಲಿ ಸೇವೆ ಮಾಡಿದವರಿಗಾಗಿ 1935ರಲ್ಲಿ ಬಂದ ಕಾಯಿದೆಯ ಕೆಳಗೆ 1936ರಲ್ಲಿ ನ್ಯೂಯಾರ್ಕ್‌ನಲ್ಲಿ ಪ್ರಜೆಯಾದರು. ಅದು ಮೂರನೇ ಸಲ.

ಉಳಿದ ಭಾರತೀಯರಿಗೆ ಬಾಗಿಲು ತೆರೆದದ್ದು 1946ರ ಜುಲೈ 2ರಂದು, ಟ್ರೂಮನ್ ಸಹಿ ಹಾಕಿದ ಲೂಸ್-ಸೆಲ್ಲರ್ ಕಾಯಿದೆಯಿಂದ. ವರ್ಷಕ್ಕೆ ನೂರು ಜನ ಬರಬಹುದು, ಇದ್ದವರು ಪ್ರಜೆಗಳಾಗಬಹುದು. ಆ ಕಾಯಿದೆಗಾಗಿ ಓಡಾಡಿದವರಲ್ಲಿ ಒಬ್ಬರಾದ ದಲೀಪ್ ಸಿಂಗ್ ಸೌಂದ್ ಅಮೆರಿಕಕ್ಕೆ ಬಂದದ್ದು 1920ರಲ್ಲಿ, ಪ್ರಜೆಯಾದದ್ದು 1949ರ ಡಿಸೆಂಬರಿನಲ್ಲಿ. ಮರುವರ್ಷ ಕ್ಯಾಲಿಫೋರ್ನಿಯಾದ ಪುಟ್ಟ ಊರೊಂದರಲ್ಲಿ ನ್ಯಾಯಾಧೀಶನ ಸ್ಥಾನಕ್ಕೆ ನಿಂತು ಗೆದ್ದರು. ಚುನಾವಣೆಯ ದಿನಕ್ಕೆ ಪ್ರಜೆಯಾಗಿ ಇನ್ನೂ ಒಂದು ವರ್ಷ ತುಂಬಿಲ್ಲ ಅಂತ ಕುರ್ಚಿ ಕೊಡಲಿಲ್ಲ. ಕಡಿಮೆ ಬಿದ್ದದ್ದು ಕೆಲವೇ ವಾರ. 1952ರಲ್ಲಿ ಮತ್ತೆ ನಿಂತು ಗೆದ್ದು ಕೂತರು. 1956ರಲ್ಲಿ ಅಮೆರಿಕದ ಸಂಸತ್ತಿಗೇ ಆರಿಸಿ ಬಂದರು, ಹಾಗೆ ಬಂದ ಮೊದಲ ಏಷ್ಯನ್.

ಈಗ ನಮ್ಮಣ್ಣನ ವಿಷಯಕ್ಕೆ ಬರೋಣ. 1980ರ ದಶಕದ ಹೊತ್ತಿಗೆ ಕೋರ್ಟುಗಳಿಗೆ ಈ ಕೆಲಸ ಭಾರವಾಗಿತ್ತು. ಅರ್ಜಿ ನೋಡಿ ಶಿಫಾರಸು ಮಾಡುವುದು ವಲಸೆ ಇಲಾಖೆ, ಕೊನೆಯ ಮುದ್ರೆ ಮಾತ್ರ ಜಡ್ಜ್‌ದು, ಆ ಮುದ್ರೆಗೆ ಉದ್ದನೆಯ ಕ್ಯೂ. 1990ರ ವಲಸೆ ಕಾಯಿದೆಗೆ ದೊಡ್ಡ ಬುಷ್ ಸಹಿ ಹಾಕಿದರು. 1991ರ ಅಕ್ಟೋಬರ್ 1ರಿಂದ ಪೌರತ್ವ ಕೊಡುವ ಅಧಿಕಾರ ಕೋರ್ಟಿನಿಂದ ಆಡಳಿತಕ್ಕೆ ಬಂತು. ಇನ್ನು ಮೇಲೆ ಅಧಿಕಾರಿಯೇ ಅರ್ಜಿ ಒಪ್ಪಬಹುದು, ಪ್ರಮಾಣವಚನವನ್ನೂ ಬೋಧಿಸಬಹುದು. ಕೆಲವು ಕಡೆ ಕೋರ್ಟುಗಳು ಪ್ರಮಾಣವಚನವನ್ನು ತಮ್ಮಲ್ಲೇ ಉಳಿಸಿಕೊಂಡವು. ಇನ್ನೂರು ವರ್ಷದ ವ್ಯವಸ್ಥೆ ಒಂದು ದಿನದಲ್ಲಿ ಕೈ ಬದಲಾಯಿಸಿತು.

ಹೆಸರು ಮಾತ್ರ ಹಿಂದೆ ಉಳಿಯಿತು. ಹೆಸರು ಬದಲಿಸುವುದು ಕೋರ್ಟಿನ ಆದೇಶದಿಂದ ಆಗುವ ಕೆಲಸ, ಅದನ್ನು ಇಲಾಖೆಗೆ ಯಾರೂ ಒಪ್ಪಿಸಲಿಲ್ಲ. ಹೀಗಾಗಿ 1906ರಲ್ಲಿ ಅರ್ಜಿದಾರನಿಗೆ ಅನುಕೂಲ ಆಗಲಿ ಅಂತ ಪಕ್ಕದಲ್ಲಿಟ್ಟ ಒಂದು ವಾಕ್ಯ, 1991ರ ನಂತರ ಅವನನ್ನೇ ಬೇರೆ ಸಾಲಿಗೆ ನಿಲ್ಲಿಸಿತು. ಎಲ್ಲ ಸಮಾರಂಭಗಳೂ ಕೋರ್ಟಿನಲ್ಲೇ ನಡೆಯುವ ಊರಾದರೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಬೇರೆ ಊರುಗಳಲ್ಲಿ ಇಂಟರ್‌ವ್ಯೂ ಪಾಸಾದವರು ಅವತ್ತೋ ಮುಂದಿನ ವಾರವೋ ಪ್ರಜೆಗಳಾಗಿ ಮನೆಗೆ ಹೋಗುತ್ತಾರೆ, ಹೆಸರು ಕೇಳಿದವರು ಜಡ್ಜ್‌ಗೆ ಬಿಡುವಾಗುವ ದಿನ ಕಾಯುತ್ತಾರೆ. ಇದರಲ್ಲಿ ಯಾರ ದುರುದ್ದೇಶವೂ ನನಗೆ ಕಾಣಲಿಲ್ಲ. ಕಾನೂನಿನ ಮನೆ ಖಾಲಿ ಮಾಡುವಾಗ ಒಂದು ಪೆಟ್ಟಿಗೆ ಹಳೇ ಮನೆಯಲ್ಲೇ ಉಳಿದುಹೋಗಿದೆ.

ಕಾಯುವುದು ಅಂದರೆ ಸುಮ್ಮನೆ ಕೂರುವುದೂ ಅಲ್ಲ. ನೋಟೀಸು ಯಾವಾಗ ಬರುತ್ತೋ, ಬಂದರೆ ಎಷ್ಟು ದಿನ ಮುಂಚೆ ಬರುತ್ತೋ ಗೊತ್ತಿಲ್ಲ. ಅದರ ಹಿಂದೆಯೇ ಪ್ರಶ್ನೆಗಳಿರುತ್ತವೆ: ಇಂಟರ್‌ವ್ಯೂ ಆದ ಮೇಲೆ ಮದುವೆಯಾದಿರಾ, ದೇಶ ಬಿಟ್ಟು ಹೋಗಿದ್ದಿರಾ, ಪೊಲೀಸರು ಹಿಡಿದಿದ್ದರಾ. ಹೋಗಬಾರದು ಅಂತೇನಿಲ್ಲ, ಆದರೆ ಹೋದಾಗಲೇ ದಿನಾಂಕ ಬಂದುಬಿಟ್ಟರೆ? ಅಪ್ಪನ ಕಣ್ಣಿನ ಆಪರೇಷನ್ ಆ ನಡುವೆ ಆಯಿತು. ಬರುತ್ತೇನೆ ಅಂದಿದ್ದ ಅಣ್ಣ ಬರಲಿಲ್ಲ. ಅಪ್ಪನಿಗೆ ಕಪ್ಪು ಕನ್ನಡಕ ಹಾಕಿಸಿ ಆಟೋದಲ್ಲಿ ಕರೆದುಕೊಂಡು ಬಂದದ್ದು ನಾನು. ಅವನ ಊರಿನಲ್ಲಿ ಶಾಲಾ ಮಂಡಳಿಯ ಚುನಾವಣೆಯೂ ಬಂದು ಹೋಯಿತು, ಇಬ್ಬರು ಮಕ್ಕಳು ಓದುವ ಶಾಲೆ, ಓಟು ಹಾಕಲಾಗಲಿಲ್ಲ.

"ವಾಪಸ್ ತಗೊಳ್ಳೋ ಅತ್ಲಾಗೆ, ಆಮೇಲೆ ಬೇರೆ ಕೋರ್ಟಲ್ಲಿ ಮಾಡಿಸ್ಕೊಂಡ್ರಾಯ್ತು" ಅಂತ ನಾನೇ ಎರಡು ಸಲ ಹೇಳಿದ್ದೆ. ಆ ದಾರಿಯೂ ಇದೆ. ಮೊದಲು ಎಫ್‌ಎನ್‌ಯು ಹೆಸರಿನಲ್ಲೇ ಪ್ರಜೆಯಾಗಿ, ಆಮೇಲೆ ಸ್ಥಳೀಯ ಕೋರ್ಟಿಗೆ ಬೇರೆ ಅರ್ಜಿ, ಬೇರೆ ಫೀಸು, ಕೆಲವು ರಾಜ್ಯಗಳಲ್ಲಿ ಪೇಪರಿನಲ್ಲಿ ಜಾಹೀರಾತು, ಮತ್ತೆ ಸರ್ಟಿಫಿಕೇಟು ಬದಲಿಸಲು ಇನ್ನೊಂದು ಅರ್ಜಿ. ಅವನು ಒಪ್ಪಲಿಲ್ಲ. "ಪ್ರಮಾಣ ಮಾಡೋವಾಗ ಇಂಡಿಯಾದ ಪೌರತ್ವ ಹೋಗುತ್ತೆ. ಅದನ್ನ ಬಿಡೋನು ಯಾರು ಅಂತ ಬರೀಬೇಕಾದ ಜಾಗದಲ್ಲಿ 'ಗೊತ್ತಿಲ್ಲ' ಅಂತ ಇರೋದು ನಂಗೆ ಬೇಡ ಕಣೇ" ಅಂದ. ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಅವನು ಆರಿಸಿಕೊಂಡ ಸರ್‌ನೇಮ್ ಅಪ್ಪನ ಹೆಸರು. ಊರಿನ ಹೆಸರು ಇಟ್ಟುಕೊಳ್ಳಬಹುದಿತ್ತು, ಅಮ್ಮನಿಗೆ ಅದೇ ಇಷ್ಟವಿತ್ತು. ಅಪ್ಪನ ಹೆಸರಿಟ್ಟರೆ ಆಫೀಸಿನಲ್ಲಿ ಕಂಡಕಂಡವರೆಲ್ಲ ಮಾವನವರ ಹೆಸರು ಹಿಡಿದು ಕೂಗುತ್ತಾರಲ್ಲ ಅಂತ ಅತ್ತಿಗೆ ತಲೆ ಕೆಡಿಸಿಕೊಂಡಿದ್ದರು. ಅಪ್ಪ ಮಾತ್ರ ಏನೂ ಹೇಳಲಿಲ್ಲ. ನನಗೆ ಗೊತ್ತಿರೋ ಹಾಗೆ, ಅವರು ಏನೂ ಹೇಳದಿದ್ದರೆ ಖುಷಿಯಾಗಿದೆ ಅಂತ.

ಐದು ತಿಂಗಳ ಮೇಲೆ ನೋಟೀಸು ಬಂತು. ಕೋರ್ಟ್ ಹಾಲ್, ಕಪ್ಪು ನಿಲುವಂಗಿಯ ಜಡ್ಜ್, ಗ್ರೀನ್ ಕಾರ್ಡ್ ವಾಪಸ್ ಕೊಟ್ಟು ಕೂತ ಜನ. ಬಲಗೈ ಎತ್ತಿ ಎಲ್ಲರೂ ಒಟ್ಟಿಗೆ ಪ್ರಮಾಣ ಹೇಳಿದ ಮೇಲೆ, ಅಣ್ಣನ ಕೈಗೆ ಸರ್ಟಿಫಿಕೇಟಿನ ಜೊತೆ ಕೋರ್ಟಿನ ಮೊಹರಿದ್ದ ಇನ್ನೊಂದು ಹಾಳೆ ಬಂತು. ಅದರಲ್ಲಿ ಹಳೇ ಹೆಸರು, ಹೊಸ ಹೆಸರು, ಸಹಿ. ಇನ್ನು ಓಸಿಐ ಅರ್ಜಿಗೆ, ಬ್ಯಾಂಕಿಗೆ, ಹಳೇ ಪಾಸ್‌ಪೋರ್ಟಿನವನೂ ಇವನೂ ಒಬ್ಬನೇ ಅಂತ ತೋರಿಸಲು ಅದೇ ಆಧಾರ.

ಎರಡರ ಫೋಟೋವನ್ನೂ ವಾಟ್ಸಾಪಿನಲ್ಲಿ ಕಳಿಸಿದ. ಆಪರೇಷನ್ ಆದ ಕಣ್ಣಿಗೆ ಮೊಬೈಲು ಹತ್ತಿರ ಹಿಡಿದು, ಎರಡು ಬೆರಳಲ್ಲಿ ದೊಡ್ಡದು ಮಾಡಿ, ಅಪ್ಪ ತುಂಬಾ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನನ್ನ ಹೆಸರಲ್ಲಿ ಕೊನೇಲಿ ಇನ್ನೊಂದು 'ಎ' ಬರಬೇಕಿತ್ತಲ್ಲಮ್ಮಾ" ಅಂದರು.